ಬಾ ಎನ್ನುವ ಕಟ್ಟಡ

ಮನೆಯನ್ನು ಕಟ್ಟಿಸುವವನಿಗೆ ಅದರಲ್ಲಿ ಬಾಳುವವರು ಯಾರೆಂಬುದು ಗೊತ್ತಿರುತ್ತದೆ. ದೇವರ ಮನೆ ಎಲ್ಲಿರಬೇಕು, ಮಕ್ಕಳು ಎಲ್ಲಿ ಕುಳಿತು ಓದಬೇಕು ಎಂಬುದನ್ನು ಅವನು ಮನೆಮಂದಿಯನ್ನು ಕೇಳಿಯೇ ತಿಳಿಯುತ್ತಾನೆ. ಸಾರ್ವಜನಿಕ ಕಟ್ಟಡದ ಮಾತು ಹಾಗಲ್ಲ. ಶಾಲೆ, ಆಸ್ಪತ್ರೆ, ಗ್ರಂಥಾಲಯ, ಕಚೇರಿ ಮುಂತಾದವನ್ನು ಕಟ್ಟುವವರು ತಾವು ಎಂದೂ ಕಾಣದ ಜನರಿಗಾಗಿ ಕಟ್ಟುತ್ತಾರೆ. ಆದರೂ ಹೊಸಿಲು ದಾಟಿ ಬಂದ ಅಪರಿಚಿತನಿಗೆ ಆ ಗೋಡೆಗಳು ಏನನ್ನೋ ಹೇಳಿಯೇ ಹೇಳುತ್ತವೆ. ಕೆಲವು ಕಟ್ಟಡಗಳು "ಬಾ, ಕುಳಿತುಕೋ" ಎನ್ನುತ್ತವೆ, ಮತ್ತೆ ಕೆಲವು "ಏಕೆ ಬಂದೆ?" ಎಂದು ಗದರಿಸುತ್ತವೆ.

ಕಟ್ಟಡವು ಈ ಮಾತನ್ನು ಆಡುವುದು ಮೂರು ಬಗೆಯಲ್ಲಿ. ಬೆಳಕು ಎಲ್ಲಿಂದ ಬರುತ್ತದೆ, ಕಾಲು ಯಾವ ಕಡೆಗೆ ಸಾಗುತ್ತದೆ, ಕಂಡದ್ದು ಮನಸ್ಸಿನಲ್ಲಿ ಯಾವ ನೆನಪನ್ನು ಎಬ್ಬಿಸುತ್ತದೆ ಎಂಬ ಮೂರನ್ನೂ ನಮ್ಮ ಹಿಂದಿನ ಶಿಲ್ಪಿಗಳು ಚೆನ್ನಾಗಿ ಬಲ್ಲವರಾಗಿದ್ದರು. ಹೊಯ್ಸಳ ವಿಷ್ಣುವರ್ಧನನ ಕಾಲದಲ್ಲಿ, 1117ರಲ್ಲಿ, ಪ್ರತಿಷ್ಠೆಗೊಂಡ ಬೇಲೂರಿನ ಚೆನ್ನಕೇಶವ ದೇವಾಲಯವನ್ನೇ ನೋಡಿ. ನಕ್ಷತ್ರಾಕಾರದ ಜಗತಿಯ ಮೇಲೆ ಪ್ರದಕ್ಷಿಣೆ ಬರುವಾಗ ಗೋಡೆಯು ನಮ್ಮೊಡನೆ ಹೆಜ್ಜೆ ಹೆಜ್ಜೆಗೂ ತಿರುಗುತ್ತದೆ. ಪ್ರತಿಯೊಂದು ತಿರುವಿನಲ್ಲಿಯೂ ಬಿಸಿಲು ನೆರಳುಗಳ ಆಟ ಬೇರೆ, ಕಣ್ಣಿಗೆ ಬೀಳುವ ಶಿಲ್ಪವೂ ಬೇರೆ. ಒಳಹೊಕ್ಕರೆ ನವರಂಗದಲ್ಲಿ ಕಲ್ಲಿನ ಜಾಲಂಧ್ರಗಳ ಮೂಲಕ ಸೋಸಿ ಬಂದ ತಿಳಿಬೆಳಕು. ಗರ್ಭಗುಡಿಯಲ್ಲಿ ದೀಪದ ಬೆಳಕೇ ಮುಖ್ಯ. ಬಯಲಿನಿಂದ ಕತ್ತಲೆಯ ಕಡೆಗೆ ನಡೆಯುತ್ತ ನಡೆಯುತ್ತ ಮಾತು ತಾನಾಗಿಯೇ ತಗ್ಗುತ್ತದೆ. ಅಲ್ಲಿ ಮೌನವಾಗಿರಬೇಕೆಂದು ಯಾರೂ ಬರೆದು ತಿಳಿಸಬೇಕಾಗಿಲ್ಲ.

ಇದು ದೇವರ ಗುಡಿಯ ಮಾತಾಯಿತು. ವಿದ್ಯೆಯ ಗುಡಿಗೂ ಇಂತಹ ಭಾಗ್ಯ ಉಂಟೇ ಎಂದು ನೀವು ಕೇಳಬಹುದು. ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯಲ್ಲಿ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟ್ ಎಂಬ ವಿದ್ಯಾಸಂಸ್ಥೆ ಇದೆ. 1973ರಲ್ಲಿ ಆರಂಭವಾದ ಈ ಸಂಸ್ಥೆಯ ಕಟ್ಟಡಗಳನ್ನು ರೂಪಿಸಿದವರು ಬಾಲಕೃಷ್ಣ ದೋಶಿಯವರು. 1927ರಲ್ಲಿ ಪುಣೆಯಲ್ಲಿ ಹುಟ್ಟಿ, 2023ರಲ್ಲಿ ತೀರಿಕೊಂಡ ಅವರು, ವಾಸ್ತುಶಿಲ್ಪಿಗಳಿಗೆ ಸಲ್ಲುವ ಪ್ರಿಟ್ಸ್‌ಕರ್ ಪ್ರಶಸ್ತಿಯನ್ನು 2018ರಲ್ಲಿ ಪಡೆದು, ಆ ಗೌರವಕ್ಕೆ ಪಾತ್ರರಾದ ಮೊದಲನೆಯ ಭಾರತೀಯರೆನಿಸಿದರು. ಅಕ್ಬರನು ಕಟ್ಟಿಸಿದ ಫತೇಪುರ ಸಿಕ್ರಿಯ ಅಂಗಳಗಳೂ ಮಂಟಪಗಳೂ ಅವರ ಮನಸ್ಸಿನಲ್ಲಿದ್ದವು. ಆದರೆ ಅಲ್ಲಿಯ ಕೆಂಪು ಕಲ್ಲನ್ನು ಅವರು ಇಲ್ಲಿಗೆ ತರಲಿಲ್ಲ. ನಮ್ಮ ನೆಲದ ಒರಟು ಬೂದುಗಲ್ಲಿನಲ್ಲಿಯೇ ಗೋಡೆ ಎಬ್ಬಿಸಿದರು. ಕೋಣೆಗಳನ್ನು ಕೂಡಿಸುವ ಪಡಸಾಲೆಗಳು ಕೆಲವೆಡೆ ಮೂರು ಅಂತಸ್ತಿನಷ್ಟು ಎತ್ತರವಾಗಿವೆ. ಕೆಲವು ಕಡೆ ಮೇಲೆ ಚಾವಣಿ ಇದೆ; ಕೆಲವು ಕಡೆ ಬರಿಯ ಅಡ್ಡತೊಲೆಗಳಿದ್ದು, ಅವುಗಳ ನಡುವಿನಿಂದ ಬಿಸಿಲು ಪಟ್ಟೆಪಟ್ಟೆಯಾಗಿ ನೆಲಕ್ಕೆ ಇಳಿಯುತ್ತದೆ. ಗಂಟೆ ಕಳೆದಂತೆ ಆ ಪಟ್ಟೆಗಳೂ ಸರಿಯುತ್ತವೆ. ಪಾಠ ಮುಗಿಸಿ ಹೊರಬಂದವರು ಅಲ್ಲಿ ನಿಂತು ಮಾತನಾಡಲಿ, ಕಲಿಕೆಯು ತರಗತಿಯ ಬಾಗಿಲಲ್ಲೇ ನಿಲ್ಲದಿರಲಿ ಎಂಬುದು ಅವರ ಆಶಯವಾಗಿತ್ತು.

ಇದಕ್ಕೆ ವ್ಯತಿರಿಕ್ತವಾದುದನ್ನೂ ನಾನು ಕಂಡಿದ್ದೇನೆ. ನಿವೃತ್ತನಾದ ಮೇಲೆ ಕಾಗದಪತ್ರಗಳಿಗಾಗಿ ಒಂದು ಕಚೇರಿಗೆ ಹಲವು ಸಲ ಹೋಗಬೇಕಾಯಿತು. ನಡುಹಗಲಿನಲ್ಲಿಯೂ ದೀಪ ಉರಿಯಬೇಕಾದ ಇಕ್ಕಟ್ಟಾದ ದಾರಿ, ಕುಳಿತುಕೊಳ್ಳಲು ಎಡೆಯಿಲ್ಲ. ಗುಮಾಸ್ತರೊಡನೆ ಮಾತನಾಡುವ ಕಿಂಡಿಯು ಎಷ್ಟು ತಗ್ಗಿನಲ್ಲಿತ್ತೆಂದರೆ, ಬಂದವರೆಲ್ಲರೂ ಬಗ್ಗಿಯೇ ಮಾತನಾಡಬೇಕು. ನನ್ನ ಮುಂದಿದ್ದ ಮುದುಕಿಯೊಬ್ಬಳು ಸೊಂಟ ಹಿಡಿದುಕೊಂಡು ತನ್ನ ಹೆಸರನ್ನು ಮೂರು ಸಲ ಹೇಳಿದಳು. ಒಳಗಿದ್ದ ಗುಮಾಸ್ತರು ಒರಟರೇನೂ ಆಗಿರಲಿಲ್ಲ. ಆಕೆಯನ್ನು ಬಗ್ಗಿಸಿದವರು ಅವರಲ್ಲ, ಆ ಗೋಡೆ. ತನ್ನ ಹಕ್ಕಿನ ಹಣವನ್ನು ಪಡೆಯಲು ಬಂದವಳು ಭಿಕ್ಷೆಗೆ ಬಂದವಳಂತೆ ನಿಂತಿದ್ದಳು.

ಚೆಲುವಾಗಿ ಕಟ್ಟಲು ಹಣವೆಲ್ಲಿದೆ ಎಂದು ಕೆಲವರು ಆಕ್ಷೇಪಿಸುವುದುಂಟು. ಆ ಕಿಂಡಿಯನ್ನು ಒಂದಡಿ ಮೇಲಕ್ಕೆ ಇಡುವುದಕ್ಕೆ ಎಷ್ಟು ಹಣ ಬೇಕಾಗುತ್ತಿತ್ತು? ತರಗತಿಯ ಕಿಟಕಿಗಳು ಮಕ್ಕಳ ಎಡಗಡೆಗೆ ಇದ್ದರೆ, ಬಲಗೈಯಿಂದ ಬರೆಯುವವರ ಕೈನೆರಳು ಅಕ್ಷರದ ಮೇಲೆ ಬೀಳುವುದಿಲ್ಲ. ಎಡಗೈಯಿಂದ ಬರೆಯುವ ಮಗುವನ್ನು ಮರೆಯದವರು ಇನ್ನೊಂದು ಬದಿಗೂ ಸ್ವಲ್ಪ ಬೆಳಕು ಬಿಡುತ್ತಾರೆ. ಇವಕ್ಕೆ ಬೇಕಾದುದು ಹೆಚ್ಚಿನ ಹಣಕ್ಕಿಂತ ಹೆಚ್ಚಿನ ಆಲೋಚನೆ. ಹಾಗೆಯೇ ತಾಲ್ಲೂಕು ಆಸ್ಪತ್ರೆಯ ಮುಂದೆ ಒಂದು ಉದ್ದನೆಯ ಜಗುಲಿ ಇದ್ದರೆ, ಹಳ್ಳಿಯಿಂದ ಬಂದವನು ಯಾರ ಅಪ್ಪಣೆಗೂ ಕಾಯದೆ ಅದರ ಮೇಲೆ ಕುಳಿತುಕೊಳ್ಳುತ್ತಾನೆ. ಜಗುಲಿ ಎಂದರೆ ದಾರಿಹೋಕನಿಗೂ ಸಲ್ಲುವ ಜಾಗ ಎಂಬುದು ಅವನಿಗೆ ತಲೆಮಾರುಗಳಿಂದ ತಿಳಿದು ಬಂದಿದೆ. ಸಂಸ್ಕೃತಿಯು ಗೋಪುರ ಕಲಶಗಳಲ್ಲಿ ಮಾತ್ರವಲ್ಲದೆ ಇಂತಹ ತಿಳಿವಿನಲ್ಲಿಯೂ ಉಳಿದಿದೆ.

ನಿಮ್ಮಲ್ಲಿ ಕೆಲವರು ಮುಂದೆ ಕಟ್ಟಡಗಳನ್ನು ರೂಪಿಸುವವರಾಗಬಹುದು. ಮತ್ತೆ ಕೆಲವರು ಪಂಚಾಯಿತಿಯಲ್ಲಿ ಕುಳಿತು ಅವುಗಳಿಗೆ ಒಪ್ಪಿಗೆ ಕೊಡುವವರಾಗಬಹುದು. ನಕ್ಷೆಯು ನಿಮ್ಮ ಮುಂದೆ ಬಂದಾಗ ಕೋಣೆಗಳೆಷ್ಟು, ವೆಚ್ಚವೆಷ್ಟು ಎಂದು ಅವಶ್ಯವಾಗಿ ಕೇಳಿ. ಅದರೊಡನೆ ಬಸುರಿ ಹೆಂಗಸು ಎಲ್ಲಿ ಕುಳಿತುಕೊಳ್ಳುತ್ತಾಳೆ, ಓದು ಬಾರದವನು ದಾರಿಯನ್ನು ಹೇಗೆ ಗುರುತಿಸುತ್ತಾನೆ, ಮಧ್ಯಾಹ್ನ ಮೂರು ಗಂಟೆಗೆ ಬಿಸಿಲು ಯಾರ ಕಣ್ಣಿಗೆ ಹೊಡೆಯುತ್ತದೆ ಎಂಬುದನ್ನೂ ಕೇಳಿ.