ಅರ್ಧ ಖಾಲಿ ನೆಲ

ಬೆಂಗಳೂರಿನಲ್ಲಿ 60-40ರ ಸೈಟಿನಲ್ಲಿ ಮನೆ ಕಟ್ಟಿಸಿ, ಕಾರಿಗೆ, ಸಂಪಿಗೆ, ಬೋರ್‌ವೆಲ್ಲಿಗೆ ಜಾಗ ಬಿಟ್ಟ ಮೇಲೂ ನಾಲ್ಕು ಚಾಪೆ ಹಾಸುವಷ್ಟು ನೆಲ ಉಳಿಯಿತು ಅಂತಿಟ್ಟುಕೊಳ್ಳಿ. ಲೆಕ್ಕಾಚಾರದ ಜನ ಅಲ್ಲೊಂದು ಕರಿಬೇವಿನ ಗಿಡ ನೆಡುತ್ತಾರೆ, ಆಸೆಯ ಜನ ಲಾನ್ ಹಾಕಿಸುತ್ತಾರೆ. ನಾನು ಕರಿಬೇವಿನ ಪಂಗಡದವನು. ಆದ್ದರಿಂದ ಎದುರುಮನೆಯ ಲಾನಿನ ಏಳುಬೀಳುಗಳನ್ನು ಖರ್ಚಿಲ್ಲದೆ ನೋಡುವ ಭಾಗ್ಯ ನನಗೆ ಸಿಕ್ಕಿದೆ.

ಲಾನು ಬರುವಾಗ ಭರ್ಜರಿಯಾಗಿಯೇ ಬರುತ್ತದೆ. ಬೆಳಿಗ್ಗೆ ಟೆಂಪೋದಿಂದ ಮೆಕ್ಸಿಕನ್ ಹುಲ್ಲಿನ ಚೌಕಗಳು ಇಳಿದರೆ ಸಂಜೆಗೆ ಅಂಗಳವೆಲ್ಲ ಹಸಿರು. ಮಳೆಗಾಲ ಮುಗಿಯುವವರೆಗೂ ಯಜಮಾನರ ನಡಿಗೆಯಲ್ಲೇ ಒಂದು ಗತ್ತು. ಶಿವರಾತ್ರಿ ಹತ್ತಿರವಾಗುತ್ತಿದ್ದಂತೆ ಹುಲ್ಲಿಗೆ ಕಾಮಾಲೆ ಬರುತ್ತದೆ. ನೀರು ಹಾಕಿದಷ್ಟೂ ಅದು ಕಾಂಪೌಂಡಿನ ಸಂದಿಯಿಂದ ರಸ್ತೆಗೆ ಹರಿಯುತ್ತದೆ. ಆಗ ನರ್ಸರಿಯವರು ಯೂರಿಯಾ ಎನ್ನುತ್ತಾರೆ. ಅದರಲ್ಲಿ ನೂರಕ್ಕೆ 46 ಪಾಲು ಸಾರಜನಕ ಇರುವುದರಿಂದ ಹುಲ್ಲು ಒಮ್ಮೆ ಕಣ್ಣು ಕೋರೈಸುವಂತೆ ಹಸಿರಾಗುತ್ತದೆ, ಆಮೇಲೆ ಯಥಾಪ್ರಕಾರ. ಮಟಮಟ ಮಧ್ಯಾಹ್ನ ಎರಚಿ ನೀರು ಬಿಡಲು ಮರೆತರಂತೂ ಅಲ್ಲಲ್ಲಿ ಸುಟ್ಟ ದೋಸೆಯ ಬಣ್ಣ.

ಕೊನೆಗೆ ಎದುರುಮನೆಯವರು ಒಬ್ಬ ಮಾಲಿಯನ್ನು ಕರೆಸಿದರು. ಆತ ಹುಲ್ಲಿನ ಕಡೆ ತಿರುಗಿಯೂ ನೋಡದೆ ಒಂದು ಸ್ಕ್ರೂಡ್ರೈವರ್ ಕೇಳಿ, ನೆಲಕ್ಕೆ ಚುಚ್ಚಿದ. ಅದು ಒಂದಂಗುಲ ಇಳಿದು ಟಕ್ ಎಂದು ನಿಂತಿತು. “ಇದೇ ಇಳೀತಿಲ್ಲ ಸಾರ್, ಬೇರು ಹೆಂಗೆ ಇಳೀತದೆ?” ಎಂದ.

ಒಳ್ಳೆಯ ಮಣ್ಣಿನಲ್ಲಿ ಸುಮಾರು ಅರ್ಧದಷ್ಟು ಮಣ್ಣೇ ಇರುವುದಿಲ್ಲ. ಅಷ್ಟೂ ಬರೀ ಸಂದು. ಆ ಸಂದುಗಳಲ್ಲಿ ಒಂದಿಷ್ಟು ಗಾಳಿ, ಒಂದಿಷ್ಟು ನೀರು. ಬೇರು ಉಸಿರಾಡುವುದು, ನೀರು ಕುಡಿಯುವುದು, ಕಾಲು ಚಾಚುವುದು ಎಲ್ಲ ಅಲ್ಲೇ. ಮನೆ ಕಟ್ಟುವಾಗ ಮೊದಲು ಹೋಗುವುದೂ ಅದೇ. ಪಾಯ ತೋಡಿದಾಗ ಮೇಲ್ಮಣ್ಣು ಅಡಿಗೆ ಸೇರುತ್ತದೆ, ಅಡಿಯ ಸಾರವಿಲ್ಲದ ಮಣ್ಣು ಮೇಲೆ ಬರುತ್ತದೆ. ಅದರ ಮೇಲೆ ಜಲ್ಲಿ ಲಾರಿ ಓಡಾಡುತ್ತದೆ, ಗಾರೆ ಕಲಸುತ್ತಾರೆ, ಟೈಲ್ಸ್ ಚೂರು ಹೂಳುತ್ತಾರೆ. ಇಷ್ಟಾದ ಮೇಲೆ ಎರಡಂಗುಲ ಕೆಮ್ಮಣ್ಣು ಹರಡಿ, ಹುಲ್ಲು ಹಾಸಿ, ಕಂಟ್ರಾಕ್ಟರು ಕೈ ತೊಳೆದುಕೊಳ್ಳುತ್ತಾರೆ.

ಸಿಮೆಂಟಿನ ಸುಣ್ಣದ ಅಂಶ ಇನ್ನೊಂದು ಚೇಷ್ಟೆ ಮಾಡುತ್ತದೆ. ಲಾಲ್‌ಬಾಗಿನ ಬಂಡೆ ಇದೆಯಲ್ಲ, ಸುಮಾರು 300 ಕೋಟಿ ವರ್ಷ ಹಳೆಯದು, ಆ ಜಾತಿಯ ಕಲ್ಲು ಸವೆದು ಸವೆದು ಆದದ್ದೇ ಈ ಸೀಮೆಯ ಕೆಮ್ಮಣ್ಣು. ಅದಕ್ಕೆ ಬಣ್ಣ ಕೊಟ್ಟಿರುವುದು ಕಬ್ಬಿಣ. ಆದರೆ ಆ ಸುಣ್ಣದಿಂದ ಮಣ್ಣು ಕ್ಷಾರವಾದರೆ ಹುಲ್ಲಿನ ಬೇರಿಗೆ ಆ ಕಬ್ಬಿಣ ದಕ್ಕುವುದಿಲ್ಲ. ಕಬ್ಬಿಣದಿಂದಲೇ ಕೆಂಪಾದ ನೆಲದಲ್ಲಿ ನಿಂತು, ಹುಲ್ಲು ಕಬ್ಬಿಣವಿಲ್ಲದೆ ಹಳದಿಯಾಗುತ್ತದೆ.

ಎದುರುಮನೆಯಾಕೆ ಮೇಷ್ಟರ ಮಗಳು, ಪ್ರಯೋಗವಿಲ್ಲದೆ ಏನನ್ನೂ ನಂಬುವವರಲ್ಲ. ಖಾಲಿ ಹಾರ್ಲಿಕ್ಸ್ ಬಾಟಲಿಗೆ ಲಾನಿನ ಮಣ್ಣು, ನೀರು ಹಾಕಿ ಕುಲುಕಿ ಕಿಟಕಿಯಲ್ಲಿಟ್ಟರು. ಮರಳು ಒಂದು ನಿಮಿಷದಲ್ಲಿ ತಳ ಹಿಡಿಯಿತು. ಅದರ ಮೇಲೆ ಗೋಡು ಕೂರಲು ಒಂದೆರಡು ಗಂಟೆ ಬೇಕಾಯಿತು. ಜೇಡಿ ಮಾತ್ರ ಮರುದಿನ ಕಾಫಿ ಹೊತ್ತಿಗೂ ನೀರನ್ನು ಕದಡಿಕೊಂಡೇ ಇತ್ತು. ಅದೂ ಕೂತ ಮೇಲೆ ಪದರ ನೋಡಿದರೆ ಅದರದೇ ಮೇಲುಗೈ. ಈ ಮಣ್ಣು ಒದ್ದೆಯಾದರೆ ಅಂಟು, ಒಣಗಿದರೆ ಇಟ್ಟಿಗೆ. ಮಾಲಿ ಮುಳ್ಳುಗುದ್ದಲಿಯಿಂದ ಗೇಣುದ್ದಕ್ಕೊಂದು ಸಾಲು ತೂತು ಮಾಡಿ, ಜರಡಿ ಹಿಡಿದ ಕೊಟ್ಟಿಗೆ ಗೊಬ್ಬರವನ್ನು ಪೊರಕೆಯಿಂದ ಅದರೊಳಗೆ ಗುಡಿಸಿದ. ಹುಲ್ಲು ಕತ್ತರಿಸುವ ಮಷೀನಿನ ಬ್ಲೇಡು ಎತ್ತರಿಸಿ, ಒಂದು ಸಲಕ್ಕೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸಬೇಡಿ ಎಂದ. ಮೇಲೆ ಬೋಳಿಸಿದಷ್ಟೂ ಕೆಳಗೆ ಬೇರು ಮೊಟಕಾಗುತ್ತದೆ. ಕತ್ತರಿಸಿದ್ದನ್ನು ಅಲ್ಲೇ ಬಿಟ್ಟರೆ ಒಂದಿಷ್ಟು ಗೊಬ್ಬರದ ಖರ್ಚು ಉಳಿಯಿತು. ದಿನಾ ಚಿಮುಕಿಸುವ ಬದಲು ವಾರಕ್ಕೆರಡು ಸಲ ನೆಲ ನೆನೆಯುವಂತೆ ನೀರು.

ಗೊಬ್ಬರದ ಹಿಂದೆಯೇ ಎರೆಹುಳು ಬಂದವು, ಹುಲ್ಲಿನ ಮೇಲೆ ಸಣ್ಣ ಸಣ್ಣ ಮಣ್ಣಿನ ಗುಪ್ಪೆ ಎದ್ದವು. ಯಜಮಾನರಿಗೆ ಅದು ಗಲೀಜು. ಡಾರ್ವಿನ್ನನಿಗೆ ಅದು ವರ್ಷಾನುಗಟ್ಟಲೆ ಕೆಲಸ. ಎರೆಹುಳುಗಳ ಕುಂಡವನ್ನು ಪಿಯಾನೊ ಮೇಲಿಟ್ಟು ಸ್ವರ ಬಾರಿಸಿ, ಅವು ಬಿಲಕ್ಕೆ ಓಡುವುದನ್ನು ನೋಡಿದ ಪುಣ್ಯಾತ್ಮ ಆತ. ಇಂಗ್ಲೆಂಡಿನ ಎಷ್ಟೋ ಕಡೆ ಒಂದೊಂದು ಎಕರೆಯಲ್ಲಿ ವರ್ಷಕ್ಕೆ 10 ಟನ್ನಿಗೂ ಹೆಚ್ಚು ಮಣ್ಣು ಇವುಗಳ ಹೊಟ್ಟೆ ಹಾದು ಮೇಲೆ ಬರುತ್ತದೆ ಎಂದು 1881ರ ಪುಸ್ತಕದಲ್ಲಿ ಬರೆದ. ಮಾಲಿ ಗುದ್ದಲಿಯಿಂದ ಮಾಡಿದ ಕೆಲಸವನ್ನು ಅವು ಕೂಲಿಯಿಲ್ಲದೆ, ರಾತ್ರಿ ಪಾಳಿಯಲ್ಲಿ ಮಾಡುತ್ತವೆ.

ಪಾರ್ಕುಗಳಲ್ಲಿ ‘ಹುಲ್ಲಿನ ಮೇಲೆ ನಡೆಯಬೇಡಿ’ ಎಂಬ ಬೋರ್ಡು ಕಂಡಾಗಲೆಲ್ಲ ನನಗೆ ರೇಗುತ್ತಿತ್ತು. ತುಳಿದರೆ ಹುಲ್ಲು ಎದ್ದು ನಿಲ್ಲುತ್ತದೆ, ಅದರಲ್ಲೂ ಗರಿಕೆ ಜಾತಿ. ಏಳಲಾರದೆ ಉಳಿಯುವುದು ಕೆಳಗಿನ ಸಂದು. ಮಳೆ ಬಿದ್ದ ಮರುದಿನ ನಾಲ್ಕು ಜನ ಓಡಾಡಿದರೆ ಸಾಕು, ಹಸಿ ಮಣ್ಣು ಅದುಮಿಕೊಂಡು ಮುಚ್ಚಿಹೋಗುತ್ತದೆ. ಬೋರ್ಡು ಕಾಯುತ್ತಿರುವುದು ಆ ಖಾಲಿ ಜಾಗವನ್ನು.

ಖಾಲಿ ಜಾಗ ಕಂಡರೆ ಈ ಊರಿಗೆ ತಡೆಯುವುದಿಲ್ಲ. ಪಕ್ಕದವರ ಗೋಡೆಗೆ ತಾಗುವವರೆಗೆ ಸೆಟ್‌ಬ್ಯಾಕ್ ನುಂಗಿ, ಬಾಲ್ಕನಿಯನ್ನೂ ರೂಮು ಮಾಡಿ, ಅಡಿಗಿಷ್ಟು ಎಂದು ಲೆಕ್ಕ ಹಾಕಿದವರು ನಾವು. ಹುಲ್ಲು ಮಾತ್ರ ಅರ್ಧ ಸೈಟು ಖಾಲಿ ಬಿಡದಿದ್ದರೆ ಬಾಡಿಗೆಗೆ ಬರುವುದೇ ಇಲ್ಲ.