ನನ್ನ ಹಿಂದೆ ಓಡಿ ಬಂದ ಹುಡುಗ

ಇಎಂಟಿ (ಎಮರ್ಜೆನ್ಸಿ ಮೆಡಿಕಲ್ ಟೆಕ್ನಿಷಿಯನ್) ತರಬೇತಿಯ ಮೊದಲ ವಾರದಲ್ಲೇ ಬಾಯಿಪಾಠವಾಗುವ ಮಾತೊಂದಿದೆ: ‘ಗ್ಲೌಸ್ ಹಾಕಿದೀನಿ, ಸೀನ್ ಸೇಫ್ ಇದೆ.’ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಇದನ್ನು ಹೇಳದೆ ಗೊಂಬೆ ಮುಟ್ಟಿದರೆ ಅಲ್ಲಿಗೇ ಫೇಲ್. ಹಾಗಾಗಿ ಎಲ್ಲರೂ ಹೇಳುತ್ತೇವೆ, ಪುರೋಹಿತರ ಹಿಂದೆ ಸಂಕಲ್ಪ ಹೇಳಿಕೊಳ್ಳುವ ಹಾಗೆ. ಕ್ಲಾಸ್‌ರೂಮಿನ ನೆಲ ಯಾವತ್ತೂ ಸೇಫೇ. ಗೊಂಬೆಗೆ ಎದೆ ಬಡಿದುಕೊಂಡು ಅಳುವ ಹೆಂಡತಿ ಇರುವುದಿಲ್ಲ, ತಡವಾಯಿತೆಂದು ಕೈ ಎತ್ತಿಕೊಂಡು ಬರುವ ಭಾವಮೈದುನ ಇರುವುದಿಲ್ಲ. ಆ ಪರೀಕ್ಷೆಯಲ್ಲಿ ನನಗೆ ಒಳ್ಳೆಯ ಅಂಕವೇ ಬಂದಿತ್ತು.

ರಾಜ್ಯದಲ್ಲಿ ‘ಆರೋಗ್ಯ ಕವಚ’ 108 ಆಂಬುಲೆನ್ಸ್ ಸೇವೆ ಶುರುವಾಗಿದ್ದು 2008ರ ನವೆಂಬರ್ 1ಕ್ಕೆ. ನಾನು ಕೆಲಸಕ್ಕೆ ಸೇರುವ ಹೊತ್ತಿಗೆ ಜನರ ಮನಸ್ಸಿನಲ್ಲಿ ಅದರ ಚಿತ್ರ ಗಟ್ಟಿಯಾಗಿತ್ತು: ಸೈರನ್ ಕೇಳಿಸಬೇಕು, ಗಾಡಿ ನಿಲ್ಲುವ ಮೊದಲೇ ಬಾಗಿಲು ತೆರೆಯಬೇಕು, ಸಿಸ್ಟರ್ ಓಡಿ ಬರಬೇಕು. ಗಾಡಿಯಲ್ಲಿ ಇರುವುದು ಇಬ್ಬರೇ, ಓಡಿಸುವ ಪೈಲಟ್ ಮತ್ತು ರೋಗಿಯನ್ನು ನೋಡಿಕೊಳ್ಳುವ ಇಎಂಟಿ. ಇಳಿದ ಮೇಲೆ ಒಂದು ಗಳಿಗೆ ನಿಂತು ಸುತ್ತ ನೋಡಬೇಕು, ಅಪಾಯ ಏನಿದೆ, ಏಟು ಹೇಗೆ ಬಿದ್ದಿದೆ, ಎಷ್ಟು ಜನಕ್ಕೆ ಬಿದ್ದಿದೆ, ಇನ್ನೂ ಯಾರನ್ನು ಕರೆಸಬೇಕು ಎಂದು ಲೆಕ್ಕ ಹಾಕಬೇಕು ಅಂತ ಪಾಠ ಹೇಳುತ್ತದೆ. ಐವತ್ತು ಜನ ಕೂಗುತ್ತಿರುವಾಗ ಸುಮ್ಮನೆ ನಿಲ್ಲುವುದು ಹೇಗೆ ಅಂತ ಮಾತ್ರ ಯಾರೂ ಹೇಳಿಕೊಟ್ಟಿರಲಿಲ್ಲ.

ಹಿರಿಯೂರು ಕಡೆಯ ಒಂದು ಹಳ್ಳಿ ರಸ್ತೆ. ಸಂಜೆ ಮಳೆ ಹೊಡೆದು ಬಿಟ್ಟಿತ್ತು. ಈರುಳ್ಳಿ ಹೇರಿಕೊಂಡು ಬರುತ್ತಿದ್ದ ಪಿಕಪ್ ರಸ್ತೆ ಬಿಟ್ಟು ಲೈಟ್ ಕಂಬಕ್ಕೆ ಗುದ್ದಿತ್ತು. ಕಂಬ ವಾಲಿತ್ತು, ಮೂಟೆ ಒಡೆದು ಈರುಳ್ಳಿ ರಸ್ತೆ ತುಂಬಾ ಉರುಳಾಡುತ್ತಿತ್ತು. ಡ್ರೈವರ್ ಸೀಟಿನಲ್ಲೇ ಕೂತು ನರಳುತ್ತಿದ್ದ. ನಮ್ಮ ಪೈಲಟ್ ಅಣ್ಣ ಹೆಡ್‌ಲೈಟ್ ಬೆಳಕಲ್ಲೇ ಕಂಡುಹಿಡಿದಿದ್ದರು: ‘ಮೇಡಂ, ಒಂದು ತಂತಿ ಕಡಿಮೆ ಇದೆ. ಎಲ್ಲಿ ಬಿದ್ದಿದೆ ನೋಡ್ತೀನಿ, ಇಳೀಬೇಡಿ.’

ಅಷ್ಟರಲ್ಲಿ ಜನ ಬಾಗಿಲಿಗೇ ಬಂದಿದ್ದರು. ‘ಕರೆಂಟ್ ಹೋಗೈತೆ ಸಿಸ್ಟರ್, ಊರೆಲ್ಲ ಕತ್ಲು, ಬರ್ರಿ ಬರ್ರಿ!’ ಊರು ಕತ್ತಲಾಗಿದ್ದು ನಿಜ. ಹಿಂದಿನಿಂದ ಯಾರೋ ಅಂದರು: ‘ಸಂಬಳ ತಗಂಡು ಗಾಡ್ಯಾಗೆ ಕುಂತು ನೋಡ್ತಾರೆ ನೋಡು.’ ಆ ಒಂದು ಮಾತು ಸಾಕಾಯಿತು. ಕಿಟ್ ಎತ್ತಿಕೊಂಡು ಓಡಿದೆ.

ಊರು ಕತ್ತಲಾದರೆ ತಂತಿ ಸತ್ತಿದೆ ಎಂದು ಅರ್ಥವಲ್ಲ. ತಂತಿ ನೆಲಕ್ಕೆ ಬಿದ್ದಾಗ 11 ಕೆವಿ ಫೀಡರ್ ಸಾಮಾನ್ಯವಾಗಿ ಟ್ರಿಪ್ ಆಗುತ್ತದೆ. ಆದರೆ ಸಬ್‌ಸ್ಟೇಷನ್ನಿನಲ್ಲಿ ಕೂತವರಿಗೆ ಅದು ಕಂಬ ಮುರಿದದ್ದೋ, ಮರದ ಕೊಂಬೆ ತಾಗಿದ್ದೋ ಗೊತ್ತಾಗುವುದಿಲ್ಲ. ಒಮ್ಮೆ ಚಾರ್ಜ್ ಮಾಡಿ ನೋಡುವುದು ರೂಢಿ. ಲೈನ್‌ಮನ್‌ಗಳು ಎಲ್‌ಸಿ, ಅಂದರೆ ಲೈನ್ ಕ್ಲಿಯರ್, ಕೈಗೆ ಬರದೆ ಕಂಬ ಮುಟ್ಟದೇ ಇರುವುದು ಇದಕ್ಕೇ. ಬಿದ್ದ ತಂತಿಯನ್ನು ತುಳಿಯಲೇಬೇಕೆಂದೂ ಇಲ್ಲ. ತಂತಿ ತಾಗಿದ ಜಾಗದಿಂದ ಸುತ್ತಲ ನೆಲಕ್ಕೆ ವೋಲ್ಟೇಜ್ ಹರಡಿಕೊಳ್ಳುತ್ತದೆ, ದೂರ ಹೋದಂತೆ ಇಳಿಯುತ್ತದೆ. ಎರಡು ಪಾದಗಳ ನಡುವೆ ಇರುವ ಆ ವ್ಯತ್ಯಾಸವೇ ಸಾಕು, ಕರೆಂಟ್ ಒಂದು ಕಾಲಲ್ಲಿ ಹತ್ತಿ ಇನ್ನೊಂದರಲ್ಲಿ ಇಳಿಯುತ್ತದೆ. ಹೆಜ್ಜೆ ದೊಡ್ಡದಾದಷ್ಟೂ ಏಟು ದೊಡ್ಡದು. ಕನಿಷ್ಠ 10 ಮೀಟರ್ ದೂರ ಇರಬೇಕು, ಒಳಗೆ ಸಿಕ್ಕಿಕೊಂಡರೆ ಪಾದ ಎರಡನ್ನೂ ಜೋಡಿಸಿಕೊಂಡು ತೆವಳಿಸುತ್ತಾ ಹೊರಬರಬೇಕು ಅನ್ನುವುದು ಅದಕ್ಕೆ. ಓಡುವವನ ಹೆಜ್ಜೆಗಿಂತ ದೊಡ್ಡ ಹೆಜ್ಜೆ ಯಾವುದಿದೆ?

ನಾನು ರಸ್ತೆಯ ಕಡೆಯಿಂದ ಹೋಗಿದ್ದೆ. ತಂತಿ ಆಚೆ ಬದಿಯ ಹುಲ್ಲಿನಲ್ಲಿತ್ತು. ನಾನು ಪಿಕಪ್ ಬಾಗಿಲು ಹಿಡಿದಿದ್ದಾಗ ಊರಿನ ದೀಪಗಳು ಒಮ್ಮೆಗೇ ಹತ್ತಿದವು. ಯಾರೋ ‘ಹೋ’ ಎಂದರು, ಕರೆಂಟ್ ಬಂದಾಗ ಊರಲ್ಲಿ ಅನ್ನುತ್ತಾರಲ್ಲ, ಹಾಗೆ. ಮರುಕ್ಷಣ ಮತ್ತೆ ಕತ್ತಲೆ. ಹುಲ್ಲಿನ ಕಡೆಯಿಂದ ಒಬ್ಬ ಹುಡುಗ ಚೀರಿದ. ನಾನು ಓಡಿದ್ದನ್ನು ನೋಡಿ, ಸ್ಟ್ರೆಚರ್ ಹಿಡಿಯಲು ಕೈ ಬೇಕಾಗುತ್ತದೆಂದು ಅಡ್ಡದಾರಿಯಲ್ಲಿ ಬರಿಗಾಲಲ್ಲಿ ಓಡಿ ಬಂದಿದ್ದ. ಫೀಡರ್ ಎರಡನೇ ಸಲ ಕೂಡಲೇ ಟ್ರಿಪ್ ಆದದ್ದರಿಂದ ಉಳಿದ.

ನನ್ನ ಕೂದಲೂ ಕೊಂಕಲಿಲ್ಲ. ಇದನ್ನು ಹೇಳದಿದ್ದರೆ ಉಳಿದದ್ದು ಅರ್ಥವಾಗುವುದಿಲ್ಲ. ನಿನಗೆ ಏನಾದರೂ ಆದರೆ ರೋಗಿಯನ್ನು ನೋಡುವವರು ಯಾರು ಎಂದು ತರಬೇತಿಯಲ್ಲಿ ಕೇಳುತ್ತಿದ್ದರು. ಆ ಲೆಕ್ಕದಲ್ಲಿ ನನ್ನ ಓಟಕ್ಕೆ ನಷ್ಟವೇ ಇಲ್ಲ. ಆದರೆ ಯೂನಿಫಾರ್ಮ್ ಹಾಕಿಕೊಂಡವಳು ಓಡಿದರೆ ಜನ ಅದನ್ನು ಧೈರ್ಯ ಅಂದುಕೊಳ್ಳುವುದಿಲ್ಲ, ಅನುಮತಿ ಅಂದುಕೊಳ್ಳುತ್ತಾರೆ. ‘ಸೀನ್ ಸೇಫ್’ ಎಂದು ನಾನು ಬಾಯಲ್ಲಿ ಹೇಳಿರಲಿಲ್ಲ, ಕಾಲಲ್ಲಿ ಹೇಳಿದ್ದೆ.

ಪೈಲಟ್ ಅಣ್ಣ ವಿದ್ಯುತ್ ಸಹಾಯವಾಣಿ 1912ಕ್ಕೆ ಫೋನ್ ಮಾಡಿ, ಲೈನ್ ಆಫ್ ಆದದ್ದು ಖಾತ್ರಿಯಾಗುವವರೆಗೆ ಯಾರನ್ನೂ ಕದಲಲು ಬಿಡಲಿಲ್ಲ. ಎರಡನೇ ಗಾಡಿಯನ್ನೂ ಅವರೇ ಕೇಳಿದರು. ಆಮೇಲೆ ನಾನು ಮಾಡಿದ್ದು ಮೊದಲಿನದಕ್ಕಿಂತ ಕೆಟ್ಟದು, ಯಾರ ಕಣ್ಣಿಗೂ ಬೀಳದಂಥದು.

ಹುಡುಗ ಕೂಗುತ್ತಿದ್ದ. ಪಾದದಡಿ ರೂಪಾಯಿ ಅಗಲದ ಬಿಳಿ ಗಾಯ, ಅಂಚು ಕಪ್ಪು. ಡ್ರೈವರ್ ಸುಮ್ಮನಿದ್ದ. ಅವನ ನಾಡಿ, ಬಿಪಿ ಒಮ್ಮೆ ನೋಡಿದ್ದೆ. ನಾಡಿ ಸ್ವಲ್ಪ ಜೋರು, ಬಿಪಿ ಸರಿ. ‘ಎಡ ಭುಜ ನೋಯ್ತೈತೆ ಅಕ್ಕಾ’ ಅಂದ. ಗುದ್ದಿದ ರಭಸಕ್ಕೆ ಉಳುಕಿರಬೇಕೆಂದು ಹುಡುಗನ ಕಡೆ ಹೋದೆ. ಕರೆಂಟ್ ಹೊಡೆದವರ ಹೃದಯದ ಬಡಿತ ಯಾವಾಗ ಬೇಕಾದರೂ ಏರುಪೇರಾಗಬಹುದು, ಗಮನ ಇಡಲೇಬೇಕು ನಿಜ. ಆದರೆ ನಾನು ಅಲ್ಲೇ ಕೂತದ್ದು ಅದಕ್ಕಲ್ಲ. ಅವನು ನನ್ನಿಂದ ಬಿದ್ದಿದ್ದ. ಡ್ರೆಸ್ಸಿಂಗ್ ಬಿಚ್ಚಿ ಮತ್ತೆ ಕಟ್ಟಿದೆ, ಕೈ ಹಿಡಿದುಕೊಂಡೆ, ಅಮ್ಮನ ಫೋನ್ ನಂಬರ್ ಕೇಳಿದೆ.

ಎಡ ಪಕ್ಕೆಗೆ ಏಟು ಬಿದ್ದವನು ಎಡ ಭುಜ ನೋವು ಅಂದರೆ ಗುಲ್ಮ ಒಡೆದಿರಬಹುದು. ಹೊಟ್ಟೆಯಲ್ಲಿ ಸೋರಿದ ರಕ್ತ ವಪೆಯನ್ನು ಕೆಣಕುತ್ತದೆ, ನೋವು ಭುಜದಲ್ಲಿ ಕಾಣಿಸಿಕೊಳ್ಳುತ್ತದೆ. ದೊಡ್ಡವರ ಮೈಯಲ್ಲಿ ಇರುವುದು ಹೆಚ್ಚುಕಡಿಮೆ 5 ಲೀಟರ್ ರಕ್ತ. ಅದರಲ್ಲಿ ಶೇಕಡಾ 30ರಷ್ಟು ಹೋಗುವವರೆಗೂ ಬಿಪಿ ಸರಿಯಾಗಿಯೇ ಕಾಣಬಹುದು, ಮೊದಲು ಏರುವುದು ನಾಡಿ. ಅನುಮಾನ ಇರುವ ರೋಗಿಯನ್ನು 5 ನಿಮಿಷಕ್ಕೊಮ್ಮೆ ನೋಡು ಎನ್ನುವ ನಿಯಮ ಇರುವುದು ಅದಕ್ಕೆ. ಇದೆಲ್ಲ ನನಗೆ ಗೊತ್ತಿತ್ತು. ಪೈಲಟ್ ಅಣ್ಣ ಬಂದು ‘ಮೇಡಂ, ಇವನು ನೀರು ನೀರು ಅಂತಿದಾನೆ, ಮೈ ತಣ್ಣಗಿದೆ’ ಎಂದಾಗಲೇ ತಿರುಗಿ ನೋಡಿದ್ದು. ಮುಂಗೈಯಲ್ಲಿ ನಾಡಿ ಸಿಗಲಿಲ್ಲ. ಆಕ್ಸಿಜನ್ ಕೊಟ್ಟು ಅವನನ್ನು ಮೊದಲು ಹಾಕಿಕೊಂಡು ಹೊರಟೆವು, ಹುಡುಗ ಎರಡನೇ ಗಾಡಿಯಲ್ಲಿ ಬಂದ. ಡ್ರೈವರ್ ಆಪರೇಷನ್ ಆಗಿ ಬದುಕಿಕೊಂಡ. ಹುಡುಗನ ಕಾಲಿನ ಒಂದು ಬೆರಳು ಉಳಿಯಲಿಲ್ಲ. ಅವನ ಅಮ್ಮ ನನಗೆ ಕೈಮುಗಿದರು, ಪುಣ್ಯ ಬರಲಿ ಅಂದರು. ಅವರಿಗೆ ಯಾರೂ ವಿಷಯ ಹೇಳಿರಲಿಲ್ಲ. ಆಗ ನಾನೂ ಹೇಳಲಿಲ್ಲ.

ರಿಪೋರ್ಟಿನಲ್ಲಿ ನಾನು ಬರೆದದ್ದು ‘ಸಾರ್ವಜನಿಕರೊಬ್ಬರಿಗೆ ವಿದ್ಯುತ್ ಸ್ಪರ್ಶ’ ಎಂದು. ಸುಳ್ಳಲ್ಲ. ನೆರವಿಗೆ ಬಂದವರನ್ನು ಸತಾಯಿಸಬಾರದೆಂಬ ಮಾರ್ಗಸೂಚಿಗೆ 2016ರಲ್ಲಿ ಸುಪ್ರೀಂ ಕೋರ್ಟ್ ಬಲ ಕೊಟ್ಟಿತು, 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಕಲಂ ಬಂತು. ಒಳ್ಳೆಯದೇ ಆಯಿತು, ಈಗ ಜನ ಮೊದಲಿಗಿಂತ ಧೈರ್ಯವಾಗಿ ಮುಂದೆ ಬರುತ್ತಾರೆ. ಬಂದವರನ್ನು ಎಲ್ಲಿ ನಿಲ್ಲಿಸಬೇಕು ಎಂಬುದು ಯಾವ ಕಲಂನಲ್ಲೂ ಇಲ್ಲ, ಅದು ಮೊದಲು ಇಳಿಯುವ ಇಎಂಟಿಯ ಪಾಲಿಗೆ ಬಿಟ್ಟದ್ದು.

ಈಗ ಹೊಸಬರಿಗೆ ಪಾಠ ಹೇಳುವ ಸರದಿ ನನ್ನದು. ಗೊಂಬೆಯ ಸುತ್ತ ಅರ್ಧ ಬ್ಯಾಚನ್ನು ಜನ ಮಾಡಿ ನಿಲ್ಲಿಸುತ್ತೇನೆ. ಅಳಿ, ಬೈಯಿರಿ, ಕೈ ಹಿಡಿದು ಎಳೆಯಿರಿ ಎನ್ನುತ್ತೇನೆ. ಹುಡುಗರು ಭರ್ಜರಿಯಾಗಿ ಬೈಯುತ್ತಾರೆ, ಅದಕ್ಕೆ ತಾಲೀಮೇ ಬೇಡ. ಎದುರಿಗಿರುವವರಿಗೆ ನಾನು ಹೇಳಿಕೊಡುವುದು ಒಂದೇ: ಸುಮ್ಮನೆ ನಿಲ್ಲಬೇಡಿ, ಜನಕ್ಕೆ ಕೆಲಸ ಕೊಟ್ಟು ನಿಲ್ಲಿ. ಒಬ್ಬರಿಗೆ 1912, ಒಬ್ಬರಿಗೆ ವಾಹನ ತಡೆಯುವ ಕೆಲಸ, ಅತಿ ಜೋರಾಗಿ ಬೈಯುವವನಿಗೆ ಜನರನ್ನು ಹಿಂದೆ ಸರಿಸುವ ಕೆಲಸ. ಬೈಯುವವನ ಗಂಟಲು ಇದಕ್ಕೆ ಹೇಳಿ ಮಾಡಿಸಿದ್ದು. ಕಳೆದ ಬ್ಯಾಚಿನ ಒಬ್ಬಳು ರಾಯಚೂರಿನ ಹುಡುಗಿ, ದನಿಯೇ ಏಳದವಳು, ಇಡೀ ಗುಂಪನ್ನು ‘ಏ, ಹಿಂದಕ್ಕ ಸರೀರಿ, ನಾ ಹೇಳೋತನಕ ಯಾರೂ ಬರಬ್ಯಾಡ್ರಿ’ ಎಂದು ಗದರಿಸಿ ನಿಲ್ಲಿಸಿದಳು. ನೆಲ ನೋಡಿದಳು, ಮೇಲೆ ತಂತಿ ನೋಡಿದಳು, ಗೊಂಬೆಯ ಪಕ್ಕೆ ಒತ್ತಿ ನೋಡಿದಳು, ಭುಜದ ನೋವು ಕೇಳಿದಳು, ನಾಡಿಯನ್ನು ಎರಡು ಸಲ ಎಣಿಸಿದಳು. ಗ್ಲೌಸ್ ಮರೆತಿದ್ದಳು. ಮೊದಲಿನಿಂದ ಮಾಡಿಸಿದೆ.