ಗುಡ್ಡೆಯ ಮೇಲಿನ ದೊಡ್ಡಾಸ್ಪತ್ರೆ

ನಮ್ಮ ಉಡುಪಿ ಕಡೆಯವರಿಗೆ ಮಣಿಪಾಲ ಎಂದರೆ ಊರಿಗಿಂತ ಮೊದಲು ನೆನಪಾಗುವುದು ಆಸ್ಪತ್ರೆ. "ಅವರನ್ನು ಮಣಿಪಾಲಕ್ಕೆ ಕೊಂಡೋಗಿದ್ದಾರಂತೆ" ಅಂತ ಫೋನಿನಲ್ಲಿ ಕೇಳಿದರೆ ಸಾಕು, ಇಲ್ಲಿ ಶಾರ್ಜಾದ ರೂಮಿನಲ್ಲಿ ಕೂತವರಿಗೆ ವಿಷಯ ಸಣ್ಣದಲ್ಲ ಎಂದು ಗೊತ್ತಾಗುತ್ತದೆ. ಈ ಸಲ ರಜೆಯಲ್ಲಿ ಹೋದಾಗ ಅಮ್ಮನ ಕಾಲಿನ ಹುಣ್ಣಿಗಾಗಿ (ಸಕ್ಕರೆ ಕಾಯಿಲೆಯದ್ದು) ನಾನು ನಾಲ್ಕು ದಿನ ಅಲ್ಲೇ ಇದ್ದೆ. ರೋಗಿಯ ಜೊತೆ ನಿಂತವನಿಗೆ ಕೆಲಸ ಕಮ್ಮಿ, ಹೊತ್ತು ಜಾಸ್ತಿ. ಹಾಗಾಗಿ ಆ ಗುಡ್ಡೆಯನ್ನು ಸ್ವಲ್ಪ ಸುತ್ತಿ ನೋಡಿದೆ.

ಉಡುಪಿಯಿಂದ ಸಿಟಿ ಬಸ್ಸು ಇಂದ್ರಾಳಿ ದಾಟಿ, ಗುಡ್ಡೆ ಹತ್ತಿ, ಟೈಗರ್ ಸರ್ಕಲ್ಲಿನಲ್ಲಿ ಇಳಿಸುತ್ತದೆ. ಐದಾರು ಕಿಲೋಮೀಟರ್ ಅಷ್ಟೇ. ಈಗ ಅಲ್ಲಿ ಎತ್ತರದ ಕಟ್ಟಡಗಳು, ಕಾಫಿ ಅಂಗಡಿಗಳು, ಹಿಂದಿ ಇಂಗ್ಲಿಷ್ ಮಾತಾಡುವ ಮಕ್ಕಳು. ಹಿಂದೆ ಇದು ಮುರಕಲ್ಲಿನ ಬೋಳುಗುಡ್ಡೆ. 'ಮಣ್ಣು ಪಳ್ಳ' ಎಂಬ ಕೆರೆಯ ಹೆಸರೇ ಬಾಯಿಂದ ಬಾಯಿಗೆ ಹೋಗಿ ಮಣಿಪಾಲ ಆಯಿತು ಎನ್ನುತ್ತಾರೆ. ಆ ಕೆರೆ ಈಗಲೂ ಉಂಟು, ಬೆಳಿಗ್ಗೆ ಜನ ಅದರ ಸುತ್ತ ವಾಕಿಂಗ್ ಮಾಡುತ್ತಾರೆ.

ಇಂಥ ಜಾಗದಲ್ಲಿ 1953ರಲ್ಲಿ ಡಾಕ್ಟರ್ ಟಿ.ಎಂ.ಎ. ಪೈ ಅವರು ಕಸ್ತೂರ್ಬಾ ಮೆಡಿಕಲ್ ಕಾಲೇಜು ಶುರು ಮಾಡಿದರು. ಆಗ ನಮ್ಮ ಜಿಲ್ಲೆ ಮದ್ರಾಸ್ ರಾಜ್ಯದಲ್ಲಿತ್ತು. ಡಾಕ್ಟರ್ ಆಗಬೇಕಾದರೆ ಮದ್ರಾಸಿಗೆ ಹೋಗಬೇಕು. ಪೈಯವರೇ ಅಲ್ಲಿ ಓದಿ ಬಂದವರು. ಸರ್ಕಾರದ ಹಣಕ್ಕೆ ಕಾಯದೆ, ಕಲಿಯುವ ಮಕ್ಕಳಿಂದಲೇ ಹಣ ತೆಗೆದುಕೊಂಡು ಕಾಲೇಜು ನಡೆಸುವುದು ಅವರ ಲೆಕ್ಕಾಚಾರ. ಇವರೇ 1925ರಲ್ಲಿ ಇನ್ನಿಬ್ಬರ ಜೊತೆ ಸೇರಿ ಸಿಂಡಿಕೇಟ್ ಬ್ಯಾಂಕ್ ಹುಟ್ಟುಹಾಕಿದವರು. ಪಿಗ್ಮಿ ಎಂದರೆ ನಮ್ಮ ಹಿರಿಯರಿಗೆಲ್ಲ ಗೊತ್ತು: ಏಜೆಂಟ್ ಮನೆ ಬಾಗಿಲಿಗೆ ಬಂದು ದಿನಕ್ಕೆ ಎರಡಾಣೆ ತೆಗೆದುಕೊಂಡು ಹೋಗುತ್ತಿದ್ದ ಯೋಜನೆ, 1928ರದ್ದು. ಸಣ್ಣ ಸಣ್ಣ ಹಣ ಒಟ್ಟು ಮಾಡಿ ದೊಡ್ಡ ಕೆಲಸ ಮಾಡಬಹುದು ಎಂಬುದು ಆ ಮನುಷ್ಯನಿಗೆ ಮೊದಲೇ ಗೊತ್ತಿತ್ತು. ಆದರೆ ಕಾಲೇಜಿನ ಹಣ ಎರಡಾಣೆಯದ್ದಲ್ಲ, ಅದನ್ನು ಮುಂದೆ ಹೇಳುತ್ತೇನೆ.

ಕಾಲೇಜು ಕಟ್ಟಬಹುದು, ರೋಗಿಗಳನ್ನು ಎಲ್ಲಿಂದ ತರುವುದು? ಪುಸ್ತಕ ಓದಿ ಡಾಕ್ಟರ್ ಆಗುವುದಕ್ಕಾಗುವುದಿಲ್ಲ. ಅದಕ್ಕೆ ಮಂಗಳೂರಿನ ಸರ್ಕಾರಿ ವೆನ್‌ಲಾಕ್ ಮತ್ತು ಲೇಡಿ ಗೋಶನ್ ಆಸ್ಪತ್ರೆಗಳ ಜೊತೆ ಒಪ್ಪಂದವಾಯಿತು. ಮಕ್ಕಳು ಮೊದಲು ಮಣಿಪಾಲದಲ್ಲಿ ಹೆಣ ಕೊಯ್ದು ಕಲಿತು, ಆಮೇಲೆ ಮಂಗಳೂರಿನ ವಾರ್ಡುಗಳಿಗೆ ಹೋಗುತ್ತಿದ್ದರು. ವೆನ್‌ಲಾಕಿಗೆ ಹೋದ ನಮ್ಮ ಅಜ್ಜಿಯರನ್ನು ಮುಟ್ಟಿ ನೋಡಿದ ಎಷ್ಟೋ ಡಾಕ್ಟರುಗಳು ಖಾಸಗಿ ಕಾಲೇಜಿನವರು. ಸರ್ಕಾರದ ಹಾಸಿಗೆ, ಖಾಸಗಿ ಡಾಕ್ಟರು: ಆ ಏರ್ಪಾಡು ಇವತ್ತಿಗೂ ನಡೆಯುತ್ತಾ ಉಂಟು. ಮಣಿಪಾಲದಲ್ಲಿ ಸ್ವಂತ ಆಸ್ಪತ್ರೆ ಬಂದದ್ದು 1961ರಲ್ಲಿ. ಈಗ ಅಲ್ಲಿ ಎರಡು ಸಾವಿರಕ್ಕೂ ಹೆಚ್ಚು ಹಾಸಿಗೆ.

ಅಮ್ಮನಿಗೆ ಸಿಕ್ಕಿದ್ದು ಜನರಲ್ ವಾರ್ಡು. ಕಲಿಸುವ ಆಸ್ಪತ್ರೆ ಎಂದರೇನು ಎಂದು ಅಲ್ಲೇ ನೋಡಬೇಕು. ಬೆಳಿಗ್ಗೆ ದೊಡ್ಡ ಡಾಕ್ಟರು ರೌಂಡಿಗೆ ಬರುವಾಗ ಹಿಂದೆ ಬಿಳಿ ಕೋಟಿನ ಒಂದು ಹಿಂಡೇ ಬರುತ್ತದೆ. ಒಬ್ಬರು ಕೇಳುತ್ತಾರೆ, ಇನ್ನೊಬ್ಬರು ಬರೆಯುತ್ತಾರೆ, ಉತ್ತರ ತಪ್ಪಿದ ಹುಡುಗ ತಲೆ ತಗ್ಗಿಸುತ್ತಾನೆ. ಮಧ್ಯಾಹ್ನ ಉತ್ತರ ಭಾರತದ ಹುಡುಗಿಯೊಬ್ಬಳು ಬಂದು ಕೂತಳು. "ಅಮ್ಮ, ಎಲ್ಲಿ ನೋವು? ಎಷ್ಟು ದಿನ ಆಯ್ತು?" ಕಲಿತು ಒಪ್ಪಿಸಿದ ಕನ್ನಡ. ಅಮ್ಮ ತುಳುವಿನಲ್ಲಿ "ಮುಲ್ಪ ಬೇನೆ ಮಗಾ" ಎಂದರು. ಹುಡುಗಿ ಕಣ್ಣು ಕಣ್ಣು ಬಿಟ್ಟಳು. ನಾನು ಹಿಂದಿಯಲ್ಲಿ ಹೇಳಿಕೊಟ್ಟೆ. ನಾವು ಇಲ್ಲಿ ಸೈಟಿನಲ್ಲಿ ಫೋರ್‌ಮನ್ ಹತ್ತಿರ ಅರ್ಧ ಅರಬಿ ಅರ್ಧ ಹಿಂದಿ ಮಾತಾಡುವುದು ನೆನಪಾಗಿ ನಗು ಬಂತು. ಅಮ್ಮನಿಗೆ ಮಾತ್ರ ಖುಷಿ. ಹೊರಗೆ ಕ್ಲಿನಿಕ್ಕಿನಲ್ಲಿ ಎರಡು ನಿಮಿಷ ನೋಡಿ ಚೀಟಿ ಬರೆಯುತ್ತಾರೆ, ಇಲ್ಲಿ ಒಬ್ಬಳು ಅರ್ಧ ಗಂಟೆ ಕೂತು ಊಟ, ನಿದ್ದೆ, ಮನೆ ಎಲ್ಲ ಕೇಳಿದ್ದಾಳೆ. ಜನರಲ್ ವಾರ್ಡಿನವರ ಮೈಯೇ ಆ ಮಕ್ಕಳ ಪಾಠ. ಬದಲಿಗೆ ನಮಗೆ ಸಿಗುವುದು ಕಮ್ಮಿ ಖರ್ಚಿನಲ್ಲಿ ದೊಡ್ಡ ಡಾಕ್ಟರ ಕಣ್ಣು. ನನ್ನನ್ನು ಕೇಳಿದರೆ ಇದು ದಾನವಲ್ಲ, ಕೊಟ್ಟು ತೆಗೆದುಕೊಳ್ಳುವ ವ್ಯವಹಾರ. ಹಾಗಾಗಿ ಅಲ್ಲಿ ಸಂಕೋಚಪಟ್ಟು ನಿಲ್ಲುವ ಅಗತ್ಯ ಇಲ್ಲ.

ಮನೆಯವರಿಗೆ ಹೇಳಿಡಬೇಕಾದ್ದು ಎರಡು ಉಂಟು. ಬಿಪಿಎಲ್ ಕಾರ್ಡು ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಆದರೆ ತುರ್ತು ಅಲ್ಲದಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಚೀಟಿ ಬೇಕು. ಸೀದಾ ಮಣಿಪಾಲಕ್ಕೆ ಹೋಗಿ ಆಮೇಲೆ ಚೀಟಿಗೆ ಓಡುವುದು ಕಷ್ಟ. ಇನ್ನೊಂದು, ಅವರದ್ದೇ ಮಣಿಪಾಲ ಆರೋಗ್ಯ ಕಾರ್ಡು. ಅದರಲ್ಲಿ ಬಿಲ್ಲಿನಲ್ಲಿ ರಿಯಾಯಿತಿ ಸಿಗುತ್ತದೆ, ನೋಂದಣಿ ಸಮಯದಲ್ಲಿ ಮಾಡಿಸಿಡಬೇಕು.

ಈಗ ಹಣದ ಮಾತು. ಮಣಿಪಾಲದ ದಾರಿ ನೋಡಿ ಆಮೇಲೆ ಎಷ್ಟೋ ಖಾಸಗಿ ಕಾಲೇಜುಗಳು ಬಂದವು. ಡೊನೇಶನ್ ಎಂಬ ಶಬ್ದ ಎಷ್ಟು ಬೆಳೆಯಿತೆಂದರೆ 1984ರಲ್ಲಿ ಕರ್ನಾಟಕ ಸರ್ಕಾರ ಕ್ಯಾಪಿಟೇಶನ್ ಶುಲ್ಕದ ವಿರುದ್ಧ ಕಾನೂನೇ ಮಾಡಿತು. ಖಾಸಗಿ ಕಾಲೇಜು ತನ್ನ ಫೀಸು ತಾನು ಎಷ್ಟರ ಮಟ್ಟಿಗೆ ತೀರ್ಮಾನಿಸಬಹುದು ಎಂಬ ಪ್ರಶ್ನೆಗೆ 2002ರಲ್ಲಿ ಸುಪ್ರೀಂ ಕೋರ್ಟಿನ 11 ನ್ಯಾಯಾಧೀಶರು ಕೂತು ಹೇಳಿದ ತೀರ್ಪಿನ ಹೆಸರೇ ಟಿ.ಎಂ.ಎ. ಪೈ ಫೌಂಡೇಶನ್ ಕೇಸು. ಅದಾದ ಮೇಲೆ 2005ರ ಇನ್ನೊಂದು ತೀರ್ಪಿನಲ್ಲಿ ಎನ್‌ಆರ್‌ಐ ಸೀಟು ಶೇಕಡಾ 15ರ ಒಳಗೆ ಎಂದಾಯಿತು.

ರೂಮಿಗೆ ವಾಪಸ್ ಬಂದು ಇದನ್ನು ಹೇಳುತ್ತಿದ್ದಾಗ ಪಕ್ಕದ ಮಂಚದವನು, ಎಸಿ ಮೆಂಟೆನೆನ್ಸಿನಲ್ಲಿ ಇರುವ ಬೆಳ್ತಂಗಡಿಯವನು, ಎದ್ದು ಕೂತ. "ಹಾಗಾದ್ರೆ ನಾನೂ ಎನ್‌ಆರ್‌ಐ ಅಲ್ವಾ ಮಾರಾಯ? ನನ್ನ ಮಗಳಿಗೆ ಸೀಟು ಸಿಗುದಿಲ್ವಾ?" ಅವನ ಮಗಳು ಪಿಯುಸಿ ಎರಡನೇ ವರ್ಷ, ಸಯನ್ಸು. ಎಲ್ಲರೂ ನಕ್ಕರು, ಅವನು ನಗಲಿಲ್ಲ. ಕಾಗದದ ಮೇಲೆ ಅವನು ಕೇಳಿದ್ದು ಸರಿ. ಆದರೆ ಆ ಸೀಟಿನ ಫೀಸು ಡಾಲರಿನ ಲೆಕ್ಕ, ನಮ್ಮ ಸಂಬಳ ದಿರ್ಹಮಿನ ಲೆಕ್ಕ, ಅದರಲ್ಲೂ ಅರ್ಧ ಊರಿನ ಸಾಲಕ್ಕೆ. ಹೊರದೇಶದಲ್ಲಿ ದುಡಿಯುವವರ ಹೆಸರಿನಲ್ಲಿ ಇಟ್ಟ ಬಾಗಿಲು, ದುಡಿಯುವವರು ಒಳಗೆ ಹೋಗುವ ಅಳತೆಯದ್ದಲ್ಲ.

ನಮ್ಮ ಎರಡು ಜಿಲ್ಲೆಯಲ್ಲಿ ಇಷ್ಟು ಮೆಡಿಕಲ್ ಕಾಲೇಜು ಇದ್ದೂ ಒಂದೂ ಸರ್ಕಾರದ್ದಲ್ಲ. ಚಿಕಿತ್ಸೆಗೆ ಅದು ವರ, ಕಲಿಯುವವರಿಗೆ ಅಷ್ಟೇ ಅಲ್ಲ. ಹಾಗೆಂದು ಬಾಗಿಲು ಪೂರ್ತಿ ಮುಚ್ಚಿಲ್ಲ. ಮಣಿಪಾಲದಂಥ ಡೀಮ್ಡ್ ವಿಶ್ವವಿದ್ಯಾಲಯಗಳ ಸೀಟು ದೆಹಲಿಯ ಕೌನ್ಸೆಲಿಂಗಿನಲ್ಲಿ ಹೋಗುತ್ತದೆ. ಆದರೆ ಕಂಕನಾಡಿಯ ಫಾದರ್ ಮುಲ್ಲರ್, ಕುಂಟಿಕಾನದ ಎ.ಜೆ., ಸುಳ್ಯದ ಕೆ.ವಿ.ಜಿ. ಕಾಲೇಜುಗಳಲ್ಲಿ ಒಂದಷ್ಟು ಸೀಟು ಸರ್ಕಾರಿ ಕೋಟಾದಲ್ಲಿ, ಕೆಇಎ ಮೂಲಕ, ಎಷ್ಟೋ ಕಮ್ಮಿ ಫೀಸಿಗೆ ಸಿಗುತ್ತವೆ. ಎಲ್ಲದಕ್ಕೂ ನೀಟ್ ರ‍್ಯಾಂಕ್ ಬೇಕು; ಎನ್‌ಆರ್‌ಐ ಸೀಟಿಗೂ ಬೇಕು. ಕೆಇಎಗೆ ಬೇರೆಯಾಗಿ ಅರ್ಜಿ ಹಾಕಬೇಕು, ಏಳು ವರ್ಷ ಕರ್ನಾಟಕದಲ್ಲಿ ಓದಿದ ಸ್ಟಡಿ ಸರ್ಟಿಫಿಕೇಟ್, ಜಾತಿ ಮತ್ತು ಆದಾಯದ ಪತ್ರ ಈಗಲೇ ತೆಗೆದಿಡಬೇಕು. ಆ ರಾತ್ರಿಯೇ ಅವನು ಮನೆಗೆ ಫೋನ್ ಮಾಡಿ ಹೆಂಡತಿಗೆ ಹೇಳಿದ: "ನಾಳೆ ಶಾಲೆಗೆ ಹೋಗಿ ಸರ್ಟಿಫಿಕೇಟ್ ಕೇಳು. ಹೆಡ್‌ಮಾಸ್ಟ್ರು ಇಲ್ಲದಿದ್ರೆ ಕಾದು ಕೂತ್ಕೋ, ವಾಪಸ್ ಬರ್ಬೇಡ."